ಆರದ ಹಸಿರು ದೀಪ

ಶಿಷ್ಯನು ಕೇಳಿದನು: "ಗುರುಗಳೇ, ಭಯವನ್ನು ಬಿಡುವುದು ಹೇಗೆ? ಬಾಗಿಲಿಗೆ ಅಗುಳಿ ಹಾಕಿ ಮಲಗುತ್ತೇನೆ. ಹಾಕಿದೆನೋ ಇಲ್ಲವೋ ಎಂದು ಮತ್ತೆ ಎದ್ದು ಹೋಗಿ ಮುಟ್ಟಿ ನೋಡುತ್ತೇನೆ. ಭಯ ನನ್ನಿಂದ ಪೂರ್ತಿಯಾಗಿ ತೊಲಗಬೇಕು. ಅದಕ್ಕೆ ಉಪಾಯವನ್ನು ತಿಳಿಸಬೇಕು."

ಗುರುಗಳು ಅವನನ್ನು ಕುಳಿತುಕೊಳ್ಳುವಂತೆ ಹೇಳಿ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವರ್ತಕನಿದ್ದನು. ಅವನಿಗೆ ಹೆಂಡತಿ ಮತ್ತು ಒಬ್ಬಳೇ ಮಗಳು. ಮಗಳಿಗೆ ಮೂರ್ಛೆ ರೋಗವಿತ್ತು. ಅದು ಯಾವಾಗ ಬರುವುದೆಂದು ಹೇಳುವಂತಿರಲಿಲ್ಲ. ಬಂದಾಗ ನಿಂತಲ್ಲಿಯೇ ಬೀಳುತ್ತಿದ್ದಳು. ವೈದ್ಯರು ಮಾತ್ರೆ ಕೊಟ್ಟು, ಹುಡುಗಿಯ ನಿದ್ದೆ ಕೆಡಬಾರದು ಎಂದು ಹೇಳಿದ್ದರು. ಅವಳ ಮೇಲೆ ಸದಾ ಯಾರದಾದರೂ ಕಣ್ಣಿರಬೇಕು, ಬೋರಲಾಗಿ ಬಿದ್ದರೆ ಮಗ್ಗುಲಿಗೆ ತಿರುಗಿಸಬೇಕು, ಇಲ್ಲವಾದರೆ ಉಸಿರು ಕಟ್ಟುತ್ತದೆ ಎಂದೂ ಹೇಳಿದ್ದರು.

ವರ್ತಕನಿಗೆ ರೋಗದ ಭಯವಿತ್ತು. ರೋಗದ ಸುದ್ದಿ ಊರಿಗೆ ತಿಳಿದೀತು ಎಂಬ ಭಯ ಅದಕ್ಕಿಂತ ಹೆಚ್ಚಾಗಿತ್ತು. ತಿಳಿದರೆ ಮಗಳನ್ನು ಯಾರೂ ಮನೆ ತುಂಬಿಸಿಕೊಳ್ಳುವುದಿಲ್ಲ ಎಂದು ಅವನು ನಂಬಿದ್ದನು. ಆದ್ದರಿಂದ ಮಗಳನ್ನು ಶಾಲೆ ಬಿಡಿಸಿದನು. ಮನೆಗೆಲಸಕ್ಕೆ ಯಾರನ್ನೂ ಇಟ್ಟುಕೊಳ್ಳಲಿಲ್ಲ. ಬಂಧುಗಳು ಬಂದರೆ ಪಡಸಾಲೆಯಲ್ಲಿಯೇ ಕಾಫಿ ಕೊಟ್ಟು ಕಳುಹಿಸಿದನು. ಕೇಳಿದವರಿಗೆ, ಹುಡುಗಿಗೆ ರಕ್ತ ಕಡಿಮೆ ಎಂದನು. ಅಂಗಡಿಯಲ್ಲಿ ಇದ್ದಬದ್ದ ಸೀರೆಗಳನ್ನೆಲ್ಲ ಬಿಚ್ಚಿ ಹರಡುವ ಶೆಟ್ಟಿ ಮನೆಯಲ್ಲಿ ಮಗಳನ್ನು ಮಡಿಸಿಟ್ಟಿದ್ದಾನೆ ಎಂದು ಊರಿನವರು ಆಡಿಕೊಂಡರು. ಆ ಮಾತು ಅವನ ಕಿವಿಗೂ ಬಿದ್ದಿತು. ಅವನು ಕಿಟಕಿಗಳಿಗೆ ಇನ್ನೂ ದಪ್ಪನೆಯ ಪರದೆ ಹಾಕಿಸಿದನು.

ಅವನು ವಾಸವಾಗಿದ್ದ ಮನೆಯೂ ಪಕ್ಕದ ಮನೆಯೂ ಮೊದಲು ಒಂದೇ ಮನೆಯಾಗಿತ್ತು. ಅದರಲ್ಲಿ ಅವನ ಅಣ್ಣನೂ ಅತ್ತಿಗೆಯೂ ಇದ್ದರು. ಅತ್ತಿಗೆಗೆ ಮಕ್ಕಳಿರಲಿಲ್ಲ. ವರ್ತಕನ ಮಗಳಿಗೆ ಎಣ್ಣೆ ಒತ್ತಿ, ನೀರೆರೆದು, ಅನ್ನ ಉಣಿಸಿದವಳು ಅವಳೇ. ಮಗು ಇನ್ನೂ ತಪ್ಪುಹೆಜ್ಜೆ ಇಡುತ್ತಿದ್ದಾಗ ಅಣ್ಣತಮ್ಮಂದಿರ ಮನಸ್ಸು ಮುರಿಯಿತು. ಪಾಲಾಯಿತು. ನಡುಮನೆಯ ಮಧ್ಯದಲ್ಲಿ ಗೋಡೆ ಎದ್ದಿತು. ರೋಗ ಬಂದದ್ದು ಆಮೇಲೆ. ಗೋಡೆಯ ಆಚೆಗೆ ಅದು ತಿಳಿಯದಂತೆ ವರ್ತಕನು ನೋಡಿಕೊಂಡನು.

ಗೋಡೆ ಕಟ್ಟುವಾಗ ಒಂದು ಸಂಗತಿ ನಡೆದಿತ್ತು. ನಡುಮನೆಯಲ್ಲಿ ಹಳೆಯ ಟಿ.ವಿ. ಕೇಬಲ್ ತಂತಿ ಇತ್ತು. ಅದು ತಾರಸಿಯಿಂದ ಇಳಿದು, ಒಂದು ಮೂಲೆಯಲ್ಲಿ ಕವಲೊಡೆದು, ಗೋಡೆಗಳೊಳಗೆ ಸಾಗಿ ಕೋಣೆ ಕೋಣೆಗೂ ಹೋಗುತ್ತಿತ್ತು. ಕವಲೊಡೆಯುವ ಜಾಗ ಅಣ್ಣನ ಪಾಲಿಗೆ ಬಂದಿತು. ಗಾರೆಯವನು ತಂತಿಗಳನ್ನು ಹಿಡಿದು, ಇವನ್ನು ಕತ್ತರಿಸಲೇ ಎಂದು ಕೇಳಿದನು. ತಮ್ಮನು ಮೊದಲು ಹೇಳಲಿ ಎಂದು ಅಣ್ಣನು ಸುಮ್ಮನಿದ್ದನು. ಅಣ್ಣನು ಮೊದಲು ಹೇಳಲಿ ಎಂದು ತಮ್ಮನು ಸುಮ್ಮನಿದ್ದನು. ಗಾರೆಯವನು ಸ್ವಲ್ಪ ಹೊತ್ತು ಕಾದು, ತಂತಿಗಳನ್ನು ಹಾಗೆಯೇ ಬಿಟ್ಟು ಇಟ್ಟಿಗೆ ಇಟ್ಟು ಗಾರೆ ಬಳಿದನು. ಪಾತ್ರೆಗಳು ಪಾಲಾದವು, ತೊಟ್ಟಿಲೂ ಪಾಲಾಯಿತು. ತಂತಿ ಮಾತ್ರ ಪಾಲಾಗದೆ ಉಳಿಯಿತು. ಕಾಲಕ್ರಮದಲ್ಲಿ ಇಬ್ಬರೂ ಅದನ್ನು ಮರೆತರು.

ವರ್ತಕನು ಹಗಲೆಲ್ಲ ಅಂಗಡಿಯಲ್ಲಿರಬೇಕು. ಹೆಂಡತಿಯು ಹಿತ್ತಲಿಗೋ ತಾರಸಿಗೋ ಹೋದರೆ ಮಗಳು ಒಬ್ಬಳೇ ಆಗುತ್ತಿದ್ದಳು. ಅವಳ ಕೋಣೆಯಲ್ಲಿ ಕ್ಯಾಮೆರಾ ಇಟ್ಟರೆ ತಾನು ಅಂಗಡಿಯಿಂದಲೇ ಫೋನಿನಲ್ಲಿ ನೋಡಬಹುದು ಎಂದು ಅವನಿಗೆ ಹೊಳೆಯಿತು. ಆದರೆ ಮನೆಯದು ಕಲ್ಲಿನ ಗೋಡೆ. ಪಡಸಾಲೆಯಲ್ಲಿದ್ದ ವೈಫೈ ಒಳಕೋಣೆಯನ್ನು ಮುಟ್ಟಲಿಲ್ಲ. ಹೊಸ ತಂತಿ ಎಳೆಯಬೇಕಾದರೆ ಗೋಡೆ ಕೊರೆಯಬೇಕು. ಕೆಲಸದವರು ಮನೆಯೊಳಗೆ ಓಡಾಡುತ್ತಾರೆ. ಅವರ ಕಣ್ಣ ಮುಂದೆಯೇ ಮಗಳು ಬಿದ್ದರೆ ಏನು ಗತಿ ಎಂದು ವರ್ತಕನು ಹೆದರಿದನು.

ಅವನು ಕೇಬಲ್ಲಿನವನನ್ನು ಕರೆಸಿ ಕೇಳಿದನು. ಗೋಡೆ ಕೊರೆಯುವ ಅಗತ್ಯವೇ ಇಲ್ಲ ಎಂದು ಕೇಬಲ್ಲಿನವನು ಹೇಳಿದನು. ಗೋಡೆಯೊಳಗೆ ಹಳೆಯ ಟಿ.ವಿ. ತಂತಿ ಇದ್ದೇ ಇದೆ. ಅದರ ಒಂದು ತುದಿಗೆ ಒಂದು ಪೆಟ್ಟಿಗೆ, ಇನ್ನೊಂದು ತುದಿಗೆ ಅದರ ಜೊತೆಯ ಪೆಟ್ಟಿಗೆ. ಇಂಟರ್ನೆಟ್ಟು ಆ ತಂತಿಯಲ್ಲಿಯೇ ಹರಿಯುತ್ತದೆ. ವರ್ತಕನಿಗೆ ಸಮಾಧಾನವಾಯಿತು. ಹೆಂಡತಿಯನ್ನೂ ಮಗಳನ್ನೂ ದೇವಸ್ಥಾನಕ್ಕೆ ಕಳುಹಿಸಿ, ಅವರು ಹಿಂದಿರುಗುವಷ್ಟರಲ್ಲಿ ಕೆಲಸ ಮುಗಿಸಿಕೊಂಡನು.

ಕೇಬಲ್ಲಿನವನು ಪಡಸಾಲೆಯಲ್ಲಿ ಒಂದು ಪೆಟ್ಟಿಗೆಯನ್ನೂ ಮಗಳ ಕೋಣೆಯಲ್ಲಿ ಇನ್ನೊಂದನ್ನೂ ಇಟ್ಟು, ಅದಕ್ಕೆ ಕ್ಯಾಮೆರಾ ಕೂಡಿಸಿದನು. ಒಂದು ಪೆಟ್ಟಿಗೆಗೆ ತಂತಿಯೊಳಗೆ ಜೊತೆ ಸಿಕ್ಕಿದಾಗ ಅದರಲ್ಲಿ ಹಸಿರು ದೀಪ ಹತ್ತುತ್ತದೆ, ಜೊತೆ ಇಲ್ಲವಾದರೆ ಆರಿಹೋಗುತ್ತದೆ ಎಂದು ತೋರಿಸಿಕೊಟ್ಟನು. ದೀಪ ಹತ್ತಿತು. ಆಗ ಅವನು ನಗುತ್ತ ಒಂದು ಮಾತು ಕೇಳಿದನು: "ಶೆಟ್ಟರೇ, ನಿಮ್ಮ ಸೀರೆಗೆ ಸೆರಗು ಒಂದೇ. ಹಳೆಯ ಮನೆಯ ತಂತಿಗೆ ಎಷ್ಟು ಸೆರಗುಗಳಿವೆಯೋ ಯಾರು ಕಂಡರು. ಎಲ್ಲ ತುದಿಗಳೂ ಎಲ್ಲೆಲ್ಲಿವೆ ಎಂದು ನಿಮಗೆ ಗೊತ್ತಿದೆ ತಾನೆ?"

"ನನ್ನ ಮನೆ ನನಗೆ ಗೊತ್ತಿಲ್ಲವೇ?" ಎಂದನು ವರ್ತಕ.

ಅವನು ಸುಳ್ಳು ಹೇಳಲಿಲ್ಲ. ಗೋಡೆಯ ಆಚೆಗಿನದನ್ನು ಅವನು ಮನೆಯೆಂದು ಎಣಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ತಂತಿಯು ಮನೆಯನ್ನು ಪ್ರವೇಶಿಸುವ ಕಡೆ, ತಾರಸಿಯ ಮೇಲೆ, ಕೇಬಲ್ಲಿನವನು ಬೆರಳುದ್ದದ ಒಂದು ಫಿಲ್ಟರನ್ನು ತಿರುಗಿಸಿ ಕೂಡಿಸಿದನು. ಮನೆಯೊಳಗಿನದು ತಂತಿಯ ಮೂಲಕ ಬೀದಿಗೆ ಹೋಗದಂತೆ ಅದು ತಡೆಯುತ್ತದೆ ಎಂದನು. ಎಲ್ಲಕ್ಕಿಂತ ವರ್ತಕನಿಗೆ ಮೆಚ್ಚುಗೆಯಾದದ್ದು ಇದು. ಅವನು ತಾನೇ ಅದನ್ನು ಜಗ್ಗಿ ನೋಡಿ, ಇನ್ನೊಂದು ಸುತ್ತು ಬಿಗಿ ಮಾಡಿಸಿದನು. ಕ್ಯಾಮೆರಾದ ಪಾಸ್‌ವರ್ಡನ್ನು ಬದಲಾಯಿಸಿಕೊಳ್ಳಿ, ಕೊಂಡಾಗ ಬರುವುದು ಎಲ್ಲದಕ್ಕೂ ಒಂದೇ ಎಂದು ಕೇಬಲ್ಲಿನವನು ಹೊರಡುವಾಗ ಹೇಳಿದನು. ಹೊಸದನ್ನು ಇಟ್ಟು, ಆಪತ್ತಿನ ಹೊತ್ತಿನಲ್ಲಿ ತನಗೆ ಮರೆತುಹೋದರೆ ಎಂದು ವರ್ತಕನು ಹೆದರಿ, ಹಳೆಯದನ್ನೇ ಉಳಿಸಿಕೊಂಡನು.

ಅಂದಿನಿಂದ ಗಂಡಹೆಂಡಿರಲ್ಲಿ ಒಂದು ರೂಢಿ ಬೆಳೆಯಿತು. ಹೆಂಡತಿಯು ಮಗಳನ್ನು ಬಿಟ್ಟು ಅತ್ತ ಹೋಗುವಾಗ ಅಂಗಡಿಗೆ ಒಂದು ಮಿಸ್ಡ್ ಕಾಲ್ ಕೊಡುವಳು. ಫೋನು ಒಮ್ಮೆ ಬಾರಿಸಿ ನಿಲ್ಲುವುದು. ವರ್ತಕನು ಫೋನನ್ನು ಗಜಕಡ್ಡಿಗೆ ಒರಗಿಸಿಟ್ಟು, ಮಗಳನ್ನು ನೋಡುತ್ತ ಬಟ್ಟೆ ಅಳೆಯುವನು. ಹೆಂಡತಿ ಹಿಂದಿರುಗಿ ಬಂದು ಕ್ಯಾಮೆರಾದ ಮುಂದೆ ನಿಲ್ಲುವಳು. ಆಗ ಅವನು ಫೋನನ್ನು ಮುಚ್ಚುವನು. ಹೀಗೆ ಕೆಲವು ಕಾಲ ನಡೆಯಿತು. ಮಗಳು ಎರಡು ಸಲ ಬಿದ್ದಾಗಲೂ ಅವನೇ ಮೊದಲು ಕಂಡು, ಕ್ಯಾಮೆರಾದ ಸ್ಪೀಕರಿನಲ್ಲಿ ಹೆಂಡತಿಯನ್ನು ಕೂಗಿ ಕರೆದನು.

ಅಂಗಡಿಗೆ ವಾರದ ರಜೆ ಇದ್ದ ಒಂದು ಮಧ್ಯಾಹ್ನ ಅವನ ಫೋನು, ನಿಮ್ಮ ಮನೆಯ ಇಂಟರ್ನೆಟ್ಟಿಗೆ ಕೆಲವು ದಿನಗಳಿಂದ ಗುರುತಿಲ್ಲದ ಸಾಧನವೊಂದು ಸೇರಿಕೊಂಡಿದೆ ಎಂದು ತೋರಿಸಿತು. ವರ್ತಕನು ವೈಫೈ ಪಾಸ್‌ವರ್ಡನ್ನು ಬದಲಾಯಿಸಿದನು. ಗುರುತಿಲ್ಲದ್ದು ಹೋಗಲಿಲ್ಲ. ವೈಫೈಯನ್ನೇ ಆರಿಸಿದನು. ಆಗಲೂ ಹೋಗಲಿಲ್ಲ. ಕೇಬಲ್ಲಿನವನಿಗೆ ಫೋನು ಮಾಡಿದನು. ಅವನು ಬೇರೆ ಊರಿನಲ್ಲಿದ್ದನು. ಬಂದಿರುವುದು ತಂತಿಯಲ್ಲಿಯೇ ಇರಬಹುದು, ಮಗಳ ಕೋಣೆಯ ಪೆಟ್ಟಿಗೆಯನ್ನು ಕಳಚಿ ನೋಡಿ, ಪಡಸಾಲೆಯ ದೀಪ ಆರಬೇಕು, ಆರದಿದ್ದರೆ ಇನ್ನೊಂದು ಪೆಟ್ಟಿಗೆ ಎಲ್ಲಿಯೋ ಇದೆ ಎಂದನು.

ವರ್ತಕನು ಮಗಳ ಕೋಣೆಗೆ ಹೋಗಿ ಪೆಟ್ಟಿಗೆಯನ್ನು ಕಳಚಿದನು. ಅದನ್ನು ಕೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ಬಂದನು.

ಜೊತೆ ಅವನ ಕೈಯಲ್ಲಿತ್ತು. ಹಸಿರು ದೀಪ ಉರಿಯುತ್ತಲೇ ಇತ್ತು.

ಅವನು ಬಹಳ ಹೊತ್ತು ಆ ದೀಪವನ್ನು ನೋಡುತ್ತ ನಿಂತನು. ತಂತಿಯೊಳಗೆ ಬೇರೆ ಯಾರೋ ಇದ್ದಾರೆ. ಪೆಟ್ಟಿಗೆಯನ್ನು ಮಗಳ ಕೋಣೆಯಲ್ಲಿ ಮತ್ತೆ ಕೂಡಿಸಿ, ತಾರಸಿಗೆ ಹೋಗಿ ಫಿಲ್ಟರನ್ನು ಮುಟ್ಟಿದನು. ಅದು ಬಿಗಿಯಾಗಿಯೇ ಇತ್ತು. ಹಾಗಾದರೆ ಅವರು ಬೀದಿಯಲ್ಲಿ ಇಲ್ಲ. ಒಳಗೇ ಇದ್ದಾರೆ. ಈ ಯೋಚನೆ ಬಂದೊಡನೆ ಅವನಿಗೆ ತನ್ನ ಮನೆಯ ಬಾಗಿಲುಗಳ ಹಿಂದೆ ನೋಡಲೂ ಅಂಜಿಕೆಯಾಯಿತು. ಆದರೂ ನೋಡಿದನು. ಅಟ್ಟ ಹತ್ತಿದನು. ಮಂಚದ ಕೆಳಗೆ ಬಗ್ಗಿದನು. ಅಕ್ಕಿಯ ಡಬ್ಬಗಳನ್ನು ಸರಿಸಿದನು. ಯಾರೂ ಇರಲಿಲ್ಲ. ಯಾರೂ ಕಾಣದೆ ಇದ್ದದ್ದು ಅವನನ್ನು ಇನ್ನಷ್ಟು ಹೆದರಿಸಿತು.

ಏನು ಹುಡುಕುತ್ತಿದ್ದೀಯೆ ಎಂದು ಮಗಳು ಕೇಳಿದಳು. ನಿಜವನ್ನು ಹೇಳಿದರೆ ಅಂಜುವಳೆಂದು ಅವನು, ಇಲಿ ಬಂದಿದೆ ಎಂದನು. ಮಗಳು ಕಾಲುಗಳನ್ನು ಮಂಚದ ಮೇಲಕ್ಕೆ ಎಳೆದುಕೊಂಡಳು. ಅವಳಿಗೆ ಇಲಿಯ ಭಯ ಬಹಳ. ಆ ರಾತ್ರಿ ಅವಳು ಕಣ್ಣು ಮುಚ್ಚಲಿಲ್ಲ. ತಂದೆಯೂ ಮುಚ್ಚಲಿಲ್ಲ. ಆದರೆ ಅವನು ಬೇರೆ ಕೋಣೆಯಲ್ಲಿ ಇದ್ದುದರಿಂದ, ಅವಳ ನಿದ್ದೆ ಕೆಟ್ಟದ್ದು ಅವನಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಅವನು ಗೋಡೆಗಳ ಮೇಲೆ ಕೈಯಾಡಿಸುತ್ತ ತಂತಿಯ ದಾರಿಯನ್ನು ಹಿಡಿದು ಬಂದನು. ಆ ದಾರಿ ಅವನನ್ನು ಪಾಲಿನ ಗೋಡೆಯ ಬುಡಕ್ಕೆ ತಂದು ನಿಲ್ಲಿಸಿತು. ಅಲ್ಲಿ ಕ್ಯಾಲೆಂಡರು ತೂಗುಬಿದ್ದಿತ್ತು. ಅದನ್ನು ತೆಗೆದು ಉಳಿಯಿಂದ ಗಾರೆಯನ್ನು ಎಬ್ಬಿಸಿದನು. ಒಳಗೆ ತಂತಿಗಳಿದ್ದವು. ಅವು ಗೋಡೆಯನ್ನು ದಾಟಿ ಆಚೆಗೆ ಹೋಗುತ್ತಿದ್ದವು. ಆಗ ಅವನಿಗೆ ಗಾರೆಯವನು ಕಾದು ನಿಂತದ್ದು ನೆನಪಾಯಿತು.

ತಂತಿಯೊಳಗೆ ಇರುವವರು ಯಾರೆಂದು ತಿಳಿಯಿತು. ಆದರೆ ಭಯ ಇಳಿಯಲಿಲ್ಲ. ಕಳ್ಳನಾಗಿದ್ದರೆ ಒಡವೆಯನ್ನು ಕೊಂಡುಹೋಗುತ್ತಿದ್ದನು. ಅಣ್ಣನಾದರೆ ಸುದ್ದಿಯನ್ನು ಕೊಂಡುಹೋಗುತ್ತಾನೆ. ಮಗಳು ಬಿದ್ದದ್ದನ್ನು ಅವರು ನೋಡಿದ್ದಾರೆ. ಇಂದಲ್ಲ ನಾಳೆ ಯಾವುದೋ ಮದುವೆಯ ಮನೆಯಲ್ಲಿ, ಎಲೆಯ ಮುಂದೆ ಕುಳಿತು ಹೇಳುತ್ತಾರೆ. ವರ್ತಕನು ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ತಂದನು. ಬಟ್ಟೆಯನ್ನಲ್ಲದೆ ಬೇರೆ ಯಾವುದನ್ನೂ ಅದರಿಂದ ಅವನು ಕತ್ತರಿಸಿದವನಲ್ಲ. ಅಂದು ತಂತಿಗಳನ್ನು ಕತ್ತರಿಸಿದನು. ಪಡಸಾಲೆಯ ಹಸಿರು ದೀಪ ಆರಿತು. ಮಗಳ ಕೋಣೆಯದೂ ಆರಿತು.

ಹೊಸ ತಂತಿಯನ್ನು ನಾಳೆ ಎಳೆಸಿದರಾಯಿತು ಎಂದುಕೊಂಡು, ಕ್ಯಾಲೆಂಡರನ್ನು ಮತ್ತೆ ತೂಗುಹಾಕಿ ತೂತನ್ನು ಮುಚ್ಚಿದನು. ಹೆಂಡತಿ ಅಡಿಗೆಮನೆಯಲ್ಲಿದ್ದಳು. ಹೇಳಿದರೆ ಕಾರಣ ಕೇಳುತ್ತಾಳೆ, ಕಾರಣ ತಿಳಿದರೆ ಹೆದರುತ್ತಾಳೆ ಎಂದು ಅವನು ಹೇಳದೆ ಅಂಗಡಿಗೆ ಹೋದನು. ಎಷ್ಟೋ ಹೊತ್ತಿನ ಮೇಲೆ ಅವನ ಎದೆ ಹಗುರವಾಗಿತ್ತು.

ಮಧ್ಯಾಹ್ನ ಒಂದು ಮದುವೆಯ ಮನೆಯವರು ಸೀರೆಗಳಿಗೆಂದು ಬಂದು ಕುಳಿತಿದ್ದರು. ವರ್ತಕನು ಒಂದು ಧಾರೆ ಸೀರೆಯನ್ನು ಅವರ ತೊಡೆಗಳ ಮೇಲೆ ಬಿಚ್ಚಿ ಹರಡುತ್ತಿದ್ದನು. ಆಗ ಫೋನು ಒಮ್ಮೆ ಬಾರಿಸಿ ನಿಂತಿತು.

ಅವನ ಕೈ ಅಭ್ಯಾಸದಂತೆ ಫೋನನ್ನು ಗಜಕಡ್ಡಿಗೆ ಒರಗಿಸಿತು. ಫೋನಿನಲ್ಲಿ ಕಪ್ಪು ಮಾತ್ರ ಇತ್ತು.

ಅವನು ಹೆಂಡತಿಗೆ ಫೋನು ಮಾಡಿದನು. ಅದು ಬಾರಿಸಿತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದನು. ಹೆಂಡತಿಯು ಫೋನನ್ನು ಗೂಡಿನಲ್ಲಿ ಬಿಟ್ಟು, ಗಂಡನು ನೋಡುತ್ತಿದ್ದಾನೆಂದು ನಂಬಿ, ಎಲ್ಲಿಯೋ ಹೋಗಿದ್ದಾಳೆ ಎಂದು ಅವನಿಗೆ ಅರ್ಥವಾಯಿತು. ಸೀರೆಯನ್ನು ಹಾಗೆಯೇ ಬಿಟ್ಟು ಅವನು ಬೀದಿಗೆ ಓಡಿದನು. ಮದುವೆಯ ಮನೆಯವರು, ಬೆಲೆ ಕೇಳಿದ್ದಕ್ಕೆ ಶೆಟ್ಟರೇ ಓಡಿಹೋದರು ಎಂದು ನಕ್ಕರು. ದಾರಿಯಲ್ಲಿ ಅವನು ದೇವರಿಗೆ ಹರಸಿಕೊಳ್ಳಲು ನೋಡಿದನು. ಯಾವ ದೇವರ ಹೆಸರೂ ನಾಲಗೆಗೆ ಬರಲಿಲ್ಲ. ಕತ್ತರಿಯ ಸದ್ದು ಮಾತ್ರ ಕಿವಿಯಲ್ಲಿ ಉಳಿದಿತ್ತು.

ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಹಾಗೆ ಹಾಕಿಕೊಂಡೇ ಇರಬೇಕೆಂದು ಹೆಂಡತಿಗೆ ಕಲಿಸಿದವನು ಅವನೇ. ಅವನು ಎರಡು ಕೈಗಳಿಂದಲೂ ಬಡಿದನು. ಒಳಗೆ ಹೆಜ್ಜೆಗಳ ಸದ್ದು ಕೇಳಿಸಿತು. ಅವು ಹೆಂಡತಿಯ ಹೆಜ್ಜೆಗಳಲ್ಲ, ಮಗಳವೂ ಅಲ್ಲ. ಅಗುಳಿ ಸರಿಯಿತು. ಬಾಗಿಲು ತೆರೆದವಳು ಅತ್ತಿಗೆ.

"ಉಸಿರಾಡುತ್ತಿದ್ದಾಳೆ" ಎಂದಳು ಅವಳು.

ಮಗಳು ತಾಯಿಯ ತೊಡೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಅವಳ ತುಟಿಯ ನೀಲಿ ಇನ್ನೂ ಪೂರ್ತಿ ಹೋಗಿರಲಿಲ್ಲ. ವರ್ತಕನು ಅವಳ ಮೂಗಿನ ಬಳಿ ಬೆರಳು ಹಿಡಿದನು. ಒಮ್ಮೆ ಹಿಡಿದು ಸಾಲದೆ ಮತ್ತೆ ಹಿಡಿದನು.

ನಡೆದದ್ದನ್ನು ಹೆಂಡತಿ ಹೇಳಿದಳು. ಗಾಳಿ ಎದ್ದಿತ್ತು. ತಾರಸಿಯ ಮೇಲೆ ಒಣಹಾಕಿದ್ದ ಸಂಡಿಗೆ ಹಾರಿಹೋಗುತ್ತದೆ ಎಂದು, ಮಿಸ್ಡ್ ಕಾಲ್ ಕೊಟ್ಟು, ಮೇಲೆ ಹೋಗಿದ್ದಳು. ಸಂಡಿಗೆಯನ್ನು ಬಳಿದುಕೊಳ್ಳುತ್ತಿದ್ದಾಗ, ಎರಡು ಮನೆಗಳ ತಾರಸಿಯ ನಡುವಿನ ಮೋಟುಗೋಡೆಯ ಹಿಂದಿನಿಂದ ಯಾರೋ ಅವಳ ಹೆಸರು ಹಿಡಿದು ಕರೆದರು. ಪಾಲಾದಂದಿನಿಂದ ಆ ದನಿ ಅವಳನ್ನು ಕರೆದಿರಲಿಲ್ಲ. "ವಿಶಾಲಾ, ಮಗು ಒಬ್ಬಳೇ ಇದ್ದಾಳೆ, ಕೆಳಗೆ ನಡೆ" ಎಂದಷ್ಟೇ ಹೇಳಿ, ಓರಗಿತ್ತಿಯು ಸೀರೆಯನ್ನು ಎತ್ತಿ ಕಟ್ಟಿ ಗೋಡೆಯನ್ನು ದಾಟಿದಳು. ಇಬ್ಬರೂ ಇಳಿದು ಬಂದಾಗ ಹುಡುಗಿಯು ಹಾಸಿಗೆಯಲ್ಲಿ ದಿಂಬಿಗೆ ಮುಖ ಒತ್ತಿ ಬೋರಲಾಗಿ ಬಿದ್ದಿದ್ದಳು. ತನ್ನ ಕೈಕಾಲು ಆಡಲಿಲ್ಲ, ತಿರುಗಿಸಿದವಳು ಅಕ್ಕ ಎಂದು ಹೆಂಡತಿ ಹೇಳಿದಳು.

ವರ್ತಕನು ಅತ್ತಿಗೆಯ ಮುಖವನ್ನು ನೋಡಲಿಲ್ಲ. ನೆಲವನ್ನು ನೋಡುತ್ತ, ಎಂದಿನಿಂದ ನೋಡುತ್ತಿದ್ದೀರಿ ಎಂದು ಕೇಳಿದನು.

ಅವಳು ಮುಚ್ಚಿಡಲಿಲ್ಲ. ಅವರ ಮನೆಯಲ್ಲಿಯೂ ಒಳಗಿನ ಕೋಣೆಗೆ ಇಂಟರ್ನೆಟ್ಟು ಬರುತ್ತಿರಲಿಲ್ಲ. ಅವರೂ ಈಚೆಗೆ ಅಂತಹವೇ ಪೆಟ್ಟಿಗೆಗಳನ್ನು ಹಳೆಯ ತಂತಿಗೆ ಹಾಕಿಸಿದ್ದರು. ಬಾಗಿಲ ಮುಂದೆ ಒಂದು ಕ್ಯಾಮೆರಾ ಇಟ್ಟುಕೊಂಡಿದ್ದರು. ಅದನ್ನು ಫೋನಿನಲ್ಲಿ ಹುಡುಕಿದಾಗ ಎರಡು ಸಿಕ್ಕಿದವು, ಎರಡೂ ಒಂದೇ ಪಾಸ್‌ವರ್ಡಿಗೆ ತೆರೆದುಕೊಂಡವು. ಒಂದರಲ್ಲಿ ಅವರ ಬಾಗಿಲು ಇತ್ತು. ಇನ್ನೊಂದರಲ್ಲಿ ಒಂದು ಮಂಚ, ಮಂಚದ ಮೇಲೆ ತಾನು ನೀರೆರೆದು ಬೆಳೆಸಿದ ಮಗು. ನೋಡಬಾರದಿತ್ತು, ನೋಡಿದೆ ಎಂದಳು. ಈಚೆಗೆ ತಾರಸಿಯ ಮೆಟ್ಟಿಲಲ್ಲಿ ಓರಗಿತ್ತಿಯ ಹೆಜ್ಜೆಯ ಸದ್ದು ಕೇಳಿದಾಗಲೆಲ್ಲ ತಾನೂ ಫೋನನ್ನು ತೆರೆದು ಕುಳಿತುಕೊಳ್ಳುತ್ತಿದ್ದೆ ಎಂದಳು.

"ಯಾರಿಗೆ ಹೇಳಿದ್ದೀರಿ?" ಎಂದನು ವರ್ತಕ.

"ನಿನ್ನ ಅಣ್ಣನಿಗೂ ಹೇಳಿಲ್ಲ. ಹೇಳಿದರೆ ನೋಡುವುದನ್ನು ತಪ್ಪಿಸುತ್ತಾರೆ ಎಂದು ಹೆದರಿದೆ. ಇವತ್ತು ಹೆಜ್ಜೆಯ ಸದ್ದು ಕೇಳಿ ಫೋನು ತೆರೆದರೆ ಬರಿಯ ಕಪ್ಪು. ಕಪ್ಪನ್ನು ನೋಡುತ್ತ ಕೂರಲು ಆಗಲಿಲ್ಲ. ಹೆದರಿಕೆಯಾಯಿತು, ಬಂದೆ." ಆಮೇಲೆ ಅವಳೇ ಕೇಳಿದಳು: "ಯಾಕಪ್ಪ ನಿಂತುಹೋಯಿತು ಅದು?"

ವರ್ತಕನು ಪಾಲಿನ ಗೋಡೆಯ ಬಳಿಗೆ ಹೋಗಿ ಕ್ಯಾಲೆಂಡರನ್ನು ಎತ್ತಿ ಹಿಡಿದನು. ಕತ್ತರಿಸಿದ ತಂತಿಗಳ ಬಾಯಿಗಳನ್ನು ಹೆಂಡತಿ ನೋಡಿದಳು. ಅತ್ತಿಗೆ ನೋಡಿದಳು.

ಇಷ್ಟು ಹೇಳಿ ಗುರುಗಳು ಕತೆಯನ್ನು ನಿಲ್ಲಿಸಿದರು.

ಶಿಷ್ಯನಿಗೆ ಕತೆ ಮುಗಿಯಿತೆಂದು ಅನ್ನಿಸಲಿಲ್ಲ. ಆಮೇಲೆ ತಂತಿಯನ್ನು ಕೂಡಿಸಿದನೇ ಎಂದು ಕೇಳಿದನು. ಕೂಡಿಸಿದನು ಎಂದರು ಗುರುಗಳು. ಕವಲೊಡೆಯುವ ಜಾಗ ಗೋಡೆಯ ಆಚೆ ಇದ್ದುದರಿಂದ, ಕೇಬಲ್ಲಿನವನನ್ನು ಕರೆದುಕೊಂಡು ವರ್ತಕನು ಅಣ್ಣನ ಬಾಗಿಲನ್ನು ತಟ್ಟಬೇಕಾಯಿತು. ತಟ್ಟುವ ಮೊದಲು ಆ ಬೀದಿಯಲ್ಲಿ ಸಾಕಷ್ಟು ಹೊತ್ತು ಹಿಂದಕ್ಕೂ ಮುಂದಕ್ಕೂ ಓಡಾಡಿದನು. ಅಣ್ಣನ ಮನೆಗೆ ಹೋಗುವ ಕವಲನ್ನು ಮುಚ್ಚಿಬಿಡಲೇ ಎಂದು ಕೇಬಲ್ಲಿನವನು ಕೇಳಿದಾಗ, ಈ ಸಲ ಅಣ್ಣನ ಬಾಯಿಗೆ ಕಾಯದೆ, ಬೇಡ ಎಂದನು. ಕ್ಯಾಮೆರಾದ ಪಾಸ್‌ವರ್ಡನ್ನು ಬದಲಾಯಿಸಿದನು. ಹೊಸದನ್ನು ತನ್ನ ಬಾಯಿಂದಲೇ ಅತ್ತಿಗೆಗೆ ಹೇಳಿದನು.

"ಹಾಗಾದರೆ ವರ್ತಕನ ಭಯ ಹೋಯಿತು" ಎಂದನು ಶಿಷ್ಯ.

ಹೋಗಲಿಲ್ಲ ಎಂದರು ಗುರುಗಳು. ಫೋನು ಒಮ್ಮೆ ಬಾರಿಸಿ ನಿಂತರೆ ಅವನು ಈಗಲೂ ಅಳೆಯುತ್ತಿದ್ದ ಬಟ್ಟೆಯನ್ನು ಕೈಬಿಡುತ್ತಾನೆ.

ಶಿಷ್ಯನು ಬೇಸರಗೊಂಡು ಮತ್ತೆ ಕೈಮುಗಿದನು. ತಾನು ಕೇಳಿದ್ದು ಭಯವನ್ನು ಬಿಡುವ ಉಪಾಯವನ್ನು, ಅದಕ್ಕೆ ಉತ್ತರ ಸಿಗಲಿಲ್ಲ ಎಂದನು.

ಗುರುಗಳು ಹೇಳಿದರು: "ಅಂದು ಕತ್ತರಿ ಹಿಡಿದವನಿಗೂ ಭಯವಿತ್ತು, ಗೋಡೆ ದಾಟಿದವಳಿಗೂ ಭಯವಿತ್ತು, ನೀನು ಬಿಡಬೇಕೆಂದಿರುವುದು ಯಾರ ಭಯವನ್ನು?"